ಮೂವರು ಸೇರಿ ಮನೆ ಹಿಡಿದರೆ ಕರಾರು ಇಲ್ಲಿ ಬರೆಸಿ: ತುಮಕೂರಿನ ಮೇಷ್ಟ್ರ ಟೈಪಿಂಗ್ ಅಂಗಡಿ

ತುಮಕೂರಿನಲ್ಲಿ ಇಬ್ಬರೋ ಮೂವರೋ ಸೇರಿ ಒಂದು ಮನೆ ಬಾಡಿಗೆಗೆ ಹಿಡಿಯುತ್ತಿದ್ದೀರಾ? ಕರಾರು ಬರೆಸಲು ಕೋರ್ಟ್ ಹತ್ತಿರ ಇರುವ ಮೇಷ್ಟ್ರ ಟೈಪಿಂಗ್ ಅಂಗಡಿಗೆ ಹೋಗಿ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ಯಾಕೆ ಹಿಡಿದೆ ಅಂತ ಮುಂದೆ ಹೇಳುತ್ತೇನೆ.

ಅಂಗಡಿ ಅಂದರೆ ಒಂದೇ ಶಟರ್‌ನ ಕೋಣೆ. ಮುಂದೆ ಜೆರಾಕ್ಸ್ ಮಷಿನ್, ಹಿಂದೆ ಎರಡು ಕಂಪ್ಯೂಟರ್, ಗೋಡೆಗೆ ಒಂದು ಬೆಂಚು. ಬೋರ್ಡಿನ ಮೇಲೆ 'ಜೆರಾಕ್ಸ್, ಟೈಪಿಂಗ್, ಇ-ಸ್ಟ್ಯಾಂಪ್, ಕರಾರು ಪತ್ರ' ಅಂತಷ್ಟೇ ಇದೆ. ಅಂಗಡಿಯವರು ಮೊದಲು ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದರಂತೆ. ಹಾಗಾಗಿ ಎಲ್ಲರಿಗೂ ಅವರು ಮೇಷ್ಟ್ರೇ.

ಕೋರ್ಟ್ ಸುತ್ತಮುತ್ತ ಇಂಥ ಅಂಗಡಿಗಳಿಗೆ ಬರವಿಲ್ಲ. ಹೆಚ್ಚಿನ ಕಡೆ ಕಂಪ್ಯೂಟರ್‌ನಲ್ಲಿ ಒಂದು ಕರಾರು ರೆಡಿ ಇರುತ್ತದೆ. ಹೆಸರು, ಬಾಡಿಗೆ, ಅಡ್ವಾನ್ಸ್ ಬದಲಾಯಿಸಿ ಹತ್ತು ನಿಮಿಷದಲ್ಲಿ ಪ್ರಿಂಟ್ ಕೊಟ್ಟು ಕಳಿಸುತ್ತಾರೆ. ಒಂದು ಸಂಸಾರ ಮನೆ ಹಿಡಿಯುವಾಗ ಅದು ನಡೆದುಹೋಗುತ್ತದೆ. ಆದರೆ ಬೇರೆ ಬೇರೆ ಊರಿನಿಂದ ಬಂದು, ಬೇರೆ ಬೇರೆ ಕೆಲಸ ಮಾಡುತ್ತಾ, ಖರ್ಚು ಹಂಚಿಕೊಂಡು ಇರುವವರಿಗೆ ಅಷ್ಟು ಸಾಲದು. ಓನರ್ ಜೊತೆಗಿನ ಮಾತು ಒಂದು, ನಮ್ಮ ನಮ್ಮೊಳಗಿನ ಮಾತು ಇನ್ನೊಂದು. ಎರಡಕ್ಕೂ ಕಾಗದ ಬೇಕು ಅಂತ ಕೇಳಿ ಕೇಳಿ ಬರೆಯುವವರನ್ನು ನಾನು ನೋಡಿದ್ದು ಇಲ್ಲಿ ಮಾತ್ರ.

ನಮ್ಮ ಕಥೆ ಸ್ವಲ್ಪ ಹೇಳಿಬಿಡುತ್ತೇನೆ. ನನ್ನದು ಮಧುಗಿರಿ ಕಡೆ. ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿ ಕೆಲಸ. ಜೊತೆಗೆ ಇಬ್ಬರು. ಒಬ್ಬಳು ನರ್ಸ್, ಶಿರಾದವಳು. ಇನ್ನೊಬ್ಬಳು ಪಾವಗಡದಿಂದ ಬಂದು ವಿಶ್ವವಿದ್ಯಾಲಯದಲ್ಲಿ ಎಂ.ಕಾಂ ಓದುತ್ತಿದ್ದಾಳೆ. ಬಟವಾಡಿಯಲ್ಲಿ ಮಹಡಿ ಮೇಲಿನ ಮನೆ, ಎರಡು ರೂಮು, ಹಾಲ್, ಅಡುಗೆಮನೆ. ತಿಂಗಳಿಗೆ 12,000 ಬಾಡಿಗೆ, 60,000 ಅಡ್ವಾನ್ಸ್.

ಇದಕ್ಕೆ ಮುಂಚೆ ನಾನಿದ್ದ ಮನೆಯಲ್ಲಿ ಕರಾರು ಒಬ್ಬಳೇ ಹುಡುಗಿಯ ಹೆಸರಿನಲ್ಲಿತ್ತು. ಉಳಿದವರು ಅಡ್ವಾನ್ಸ್‌ಗೆ ದುಡ್ಡು ಹಾಕಿದ್ದಕ್ಕೆ ಎಲ್ಲೂ ದಾಖಲೆ ಇರಲಿಲ್ಲ. ಆಕೆಗೆ ಬೇರೆ ಊರಿಗೆ ವರ್ಗವಾಯಿತು. ಓನರ್ ಲೆಕ್ಕ ಮುಗಿಸಿ ದುಡ್ಡನ್ನು ಆಕೆಗೇ ಕೊಟ್ಟರು. ಕಾಗದದಲ್ಲಿ ಬಾಡಿಗೆದಾರಳು ಅಂತ ಇದ್ದದ್ದು ಆಕೆ ಒಬ್ಬಳೇ, ಹಾಗಾಗಿ ಓನರ್‌ದು ತಪ್ಪು ಅಂತ ಹೇಳುವ ಹಾಗೂ ಇರಲಿಲ್ಲ. ನನ್ನ ಪಾಲು ಕೈಗೆ ಬರಲು ತಿಂಗಳುಗಟ್ಟಲೆ ಫೋನ್ ಮಾಡಬೇಕಾಯಿತು. ಗೆಳೆತನ ಕೆಟ್ಟದ್ದು ಬೇರೆ. ಅದಕ್ಕೇ ಈ ವಿಷಯ ನನಗೆ ಇಷ್ಟು ಮುಖ್ಯ.

ಮೇಷ್ಟ್ರ ಹತ್ತಿರ ಮೊದಲು ನಾನೊಬ್ಬಳೇ ಹೋಗಿದ್ದೆ. "ಮೂರು ಜನಾನಾ? ಹಾಗಾದ್ರೆ ಮೂವರೂ ಬನ್ನಿ ಅಮ್ಮ. ಒಬ್ಬರ ಮಾತು ಕೇಳ್ಕೊಂಡು ಮೂವರದ್ದೂ ಬರೆಯೋದಕ್ಕೆ ಆಗಲ್ಲ" ಅಂದರು. ಎಲ್ಲರೂ ಒಟ್ಟಿಗೆ ಹೋದಾಗ ಕಂಪ್ಯೂಟರ್ ಮುಟ್ಟಲೇ ಇಲ್ಲ. ಗೆರೆ ಹಾಕಿದ ಒಂದು ನೋಟ್‌ಬುಕ್ ತೆಗೆದು ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತಾ ಕೇಳುತ್ತಾ ಹೋದರು. ಯಾರು ಯಾವ ರೂಮು? ಅಡ್ವಾನ್ಸ್‌ಗೆ ಯಾರು ಎಷ್ಟು ಹಾಕಿದ್ದೀರಿ? ಬಾಡಿಗೆ ಓನರ್‌ಗೆ ಯಾರು ಕಳಿಸುತ್ತೀರಿ? ವರ್ಷದೊಳಗೆ ಯಾರಿಗಾದರೂ ಮದುವೆ, ವರ್ಗ, ಕೋರ್ಸ್ ಮುಗಿಯುವುದು ಇದೆಯಾ? ಫ್ರಿಜ್ ಯಾರದ್ದು? ಕೊನೆಯ ಪ್ರಶ್ನೆಗೆ ನಮ್ಮ ನರ್ಸ್ ನಕ್ಕುಬಿಟ್ಟಳು. ಮೇಷ್ಟ್ರು ನಗಲಿಲ್ಲ. "ಜಗಳ ಬರೋದೇ ಅಲ್ಲಿಂದ ಅಮ್ಮ" ಅಂದರು.

ಮೊದಲನೆಯದು ಓನರ್ ಜೊತೆಗಿನ ಕರಾರು. ಅದರಲ್ಲಿ ಮೂವರ ಹೆಸರನ್ನೂ ಬಾಡಿಗೆದಾರರು ಅಂತಲೇ ಹಾಕಿದರು. ಇಲ್ಲಿ ಒಂದು ಮಾತನ್ನು ಅವರು ನಿಲ್ಲಿಸಿ ವಿವರಿಸಿದರು. ಒಟ್ಟಿಗೆ ಮನೆ ಹಿಡಿಯುವ ಪ್ರತಿಯೊಬ್ಬರೂ ಇದನ್ನು ತಿಳಿದಿರಬೇಕು ಅಂತ ನನಗನಿಸುತ್ತದೆ. ಭಾರತೀಯ ಕರಾರು ಕಾಯ್ದೆ 1872ರ ಸೆಕ್ಷನ್ 43 ಹೀಗೆ ಹೇಳುತ್ತದೆ: ಇಬ್ಬರು ಅಥವಾ ಹೆಚ್ಚು ಜನ ಸೇರಿ ಒಂದು ಮಾತು ಕೊಟ್ಟರೆ, ಬೇರೆ ರೀತಿ ಬರೆದುಕೊಳ್ಳದೆ ಇದ್ದಾಗ, ಆ ಪೂರ್ತಿ ಮಾತನ್ನು ಅವರಲ್ಲಿ ಯಾರಾದರೂ ಒಬ್ಬರಿಂದಲೇ ನಡೆಸಿಕೊಳ್ಳಬಹುದು. ಅಂದರೆ ನಮ್ಮಲ್ಲಿ ಒಬ್ಬಳು ಬಾಡಿಗೆ ಕೊಡದೆ ಹೋದರೆ ಓನರ್ 12,000ವನ್ನೂ ನನ್ನೊಬ್ಬಳ ಹತ್ತಿರವೇ ಕೇಳಬಹುದು. "ನನ್ನ ಪಾಲು ಕೊಟ್ಟಿದ್ದೀನಲ್ಲ" ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಕೊಟ್ಟಾದ ಮೇಲೆ ಉಳಿದವರಿಂದ ಅವರವರ ಪಾಲು ವಸೂಲಿ ಮಾಡುವ ಹಕ್ಕು ನನಗಿದೆ. ಅದೂ ಅದೇ ಸೆಕ್ಷನ್‌ನಲ್ಲಿದೆ. ಒಬ್ಬಳು ಕೊಡಲಾಗದೆ ಕೈಚೆಲ್ಲಿದರೆ ಆ ನಷ್ಟವನ್ನು ಉಳಿದವರು ಸಮವಾಗಿ ಹೊರಬೇಕು.

ಇನ್ನೂ ಒಂದಿದೆ, ಸೆಕ್ಷನ್ 44. ಓನರ್ ನಮ್ಮಲ್ಲಿ ಒಬ್ಬಳಿಗೆ 'ನೀನು ಹೋಗಮ್ಮ, ನಿನ್ನದೇನೂ ಬಾಕಿ ಇಲ್ಲ' ಅಂದರೂ ಉಳಿದವರ ಹೊಣೆ ಹಾಗೇ ಉಳಿಯುತ್ತದೆ. ಬಿಟ್ಟು ಹೋದವಳು ಓನರ್‌ನಿಂದ ಬಿಡುಗಡೆಯಾದರೂ ನಮ್ಮಿಂದ ಬಿಡುಗಡೆಯಾಗುವುದಿಲ್ಲ. ಇದನ್ನು ಕೇಳಿ ಪಾವಗಡದವಳ ಮುಖ ಸಣ್ಣದಾಯಿತು. "ಹಾಗಾದ್ರೆ ಒಬ್ಬರ ಹೆಸರಲ್ಲೇ ಇರ್ಲಿ ಬಿಡಿ ಸರ್" ಅಂದಳು. ಮೇಷ್ಟ್ರು ಸಮಾಧಾನವಾಗಿ ಹೇಳಿದರು: "ಹೆಸರು ಇಲ್ಲದಿದ್ರೆ ಹೊಣೆ ಇರಲ್ಲ, ನಿಜ. ಆದ್ರೆ ಹಕ್ಕೂ ಇರಲ್ಲ. ನಾಳೆ ಇವಳು ಹೊರಗೆ ಹೋಗು ಅಂದ್ರೆ ಏನು ತೋರಿಸ್ತೀಯಾ?"

ಆ ಮಾತಿನಲ್ಲಿ ಸತ್ಯವಿದೆ. ಕರಾರಿನಲ್ಲಿ ಹೆಸರಿಲ್ಲದವಳು ಕಾನೂನಿನ ಕಣ್ಣಿಗೆ ಹೆಚ್ಚೆಂದರೆ ಒಳಬಾಡಿಗೆಯವಳು, ಇಲ್ಲವಾದರೆ ಇನ್ನೊಬ್ಬರ ಅನುಮತಿಯ ಮೇಲೆ ಇರುವವಳು. ಸ್ವತ್ತು ವರ್ಗಾವಣೆ ಕಾಯ್ದೆ 1882ರ ಸೆಕ್ಷನ್ 108ರಲ್ಲಿ, ಕರಾರಿನಲ್ಲಿ ಬೇಡ ಅಂತ ಬರೆಯದೆ ಇದ್ದರೆ ಬಾಡಿಗೆದಾರರು ಒಳಬಾಡಿಗೆಗೆ ಕೊಡಬಹುದು ಅಂತಿದೆ. ಆದರೆ ಊರಲ್ಲಿ ಸಿಗುವ ರೆಡಿ ಕರಾರುಗಳಲ್ಲಿ ಸಾಮಾನ್ಯವಾಗಿ 'ಒಳಬಾಡಿಗೆಗೆ ಕೊಡತಕ್ಕದ್ದಲ್ಲ' ಅನ್ನುವ ಸಾಲು ಇದ್ದೇ ಇರುತ್ತದೆ. ಆ ಸಾಲು ಇಟ್ಟುಕೊಂಡು, ಒಬ್ಬಳ ಹೆಸರಲ್ಲಿ ಕರಾರು ಮಾಡಿ, ಮೂವರು ಇದ್ದರೆ ಷರತ್ತು ಮುರಿದ ಹಾಗೇ ಆಯಿತು. ಮೇಷ್ಟ್ರು ನಮ್ಮ ಕರಾರಿನಲ್ಲಿ ಒಂದು ದಾರಿ ಇಟ್ಟರು. ಒಬ್ಬಳು ಬಿಟ್ಟು ಹೋದರೆ, ಓನರ್‌ಗೆ ಬರಹದಲ್ಲಿ ತಿಳಿಸಿ, ಅವರ ಒಪ್ಪಿಗೆಯ ಮೇಲೆ ಇನ್ನೊಬ್ಬಳನ್ನು ಸೇರಿಸಿಕೊಳ್ಳಬಹುದು. ಹೊಸಬಳ ಹೆಸರನ್ನು ಸೇರಿಸಿ ಒಂದು ಪುಟ್ಟ ತಿದ್ದುಪಡಿ ಪತ್ರ ಬರೆಯಬೇಕು. ಓನರ್ ಆಂಟಿಗೆ ಅಲ್ಲೇ ಫೋನ್ ಹಚ್ಚಿ ಕೇಳಿದರು. "ಒಳ್ಳೆ ಮನೆತನದ ಹುಡ್ಗಿ ಆದ್ರೆ ನಂದೇನಿಲ್ಲ" ಅಂದರು ಆಂಟಿ. ಕರಾರಿನಲ್ಲಿ ಮನೆತನದ ಮಾತು ಬರಲಿಲ್ಲ, 'ಸಕಾರಣವಿಲ್ಲದೆ ನಿರಾಕರಿಸತಕ್ಕದ್ದಲ್ಲ' ಅಂತ ಬಂತು. ಇಂಥ ಕಡೆ ಮೇಷ್ಟ್ರು ಜಾಣರು.

ಕರಾರು ಬರೆಸಿದ್ದು 11 ತಿಂಗಳಿಗೆ. ಯಾಕೆ 11 ತಿಂಗಳು ಅಂತ ಬಹಳ ಜನ ಕೇಳುತ್ತಾರೆ. ನೋಂದಣಿ ಕಾಯ್ದೆ 1908ರ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. 11 ತಿಂಗಳಾದರೆ ಆ ಗೋಜಿಲ್ಲ. ನೋಟರಿ ಸೀಲ್ ಹಾಕಿಸಿದರೆ ನೋಂದಣಿ ಆದ ಹಾಗೆ ಅಂತ ತಿಳಿದವರೂ ಇದ್ದಾರೆ. ಹಾಗಿಲ್ಲ. ಎದುರಿಗೆ ಸಹಿ ಮಾಡಿದವರು ಇವರೇ ಅನ್ನುವುದಕ್ಕೆ ನೋಟರಿ ಸಾಕ್ಷಿ, ಅಷ್ಟೆ. ಎರಡು ಮೂರು ವರ್ಷಕ್ಕೆ ಬರೆದು ನೋಟರಿ ಮಾತ್ರ ಮಾಡಿಸಿದರೆ ಆ ಅವಧಿಗೆ ಕೋರ್ಟಿನಲ್ಲಿ ಬೆಲೆ ಸಿಗುವುದು ಕಷ್ಟ.

ಛಾಪಾ ಕಾಗದದ ವಿಷಯದಲ್ಲೂ ಮೇಷ್ಟ್ರು ನೇರ. 'ಚಿಕ್ಕ ಬಾಂಡ್ ಸಾಕು ಸರ್' ಅಂತ ಬೆಂಚಿನ ಮೇಲಿದ್ದ ಒಬ್ಬರು ಚೌಕಾಸಿ ಮಾಡುತ್ತಿದ್ದರು. ಕರ್ನಾಟಕ ಸ್ಟ್ಯಾಂಪ್ ಕಾಯ್ದೆ 1957ರಲ್ಲಿ ಸುಂಕ ಬಾಡಿಗೆ ಮತ್ತು ಅಡ್ವಾನ್ಸ್ ಎರಡನ್ನೂ ನೋಡಿ ಲೆಕ್ಕ ಆಗುತ್ತದೆ. ಕಡಿಮೆ ಕಾಗದದ ಮೇಲೆ ಬರೆದದ್ದನ್ನು ಮುಂದೆ ಕೋರ್ಟಿಗೆ ಸಾಕ್ಷಿಯಾಗಿ ಕೊಡಬೇಕಾದರೆ ಬಾಕಿ ಸುಂಕದ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕು. ಇ-ಸ್ಟ್ಯಾಂಪ್ ಮೇಲೆ ಎರಡೂ ಪಾರ್ಟಿಗಳ ಹೆಸರು ಮೊದಲೇ ಮುದ್ರಣವಾಗುತ್ತದಲ್ಲ, ಅಲ್ಲಿ ಎರಡನೇ ಪಾರ್ಟಿ ಜಾಗದಲ್ಲಿ ನನ್ನ ಹೆಸರಿನ ಮುಂದೆ 'ಮತ್ತು ಇಬ್ಬರು' ಅಂತ ಹಾಕಿಸಿದರು. ನಾನಾಗಿದ್ದರೆ ಇದನ್ನು ಗಮನಿಸುತ್ತಲೇ ಇರಲಿಲ್ಲ.

ಪೇಂಟಿಂಗ್ ಬಗ್ಗೆ ಒಂದಿಷ್ಟು ಜಗ್ಗಾಟ ನಡೆಯಿತು. ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ ಹಿಡಿದುಕೊಳ್ಳುವುದು ಇಲ್ಲಿಯ ರೂಢಿ. ಓನರ್ ಆಂಟಿಯೂ ಅದನ್ನೇ ಹೇಳಿದ್ದರು. ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ನಾವು ಮನೆಯನ್ನು ಪಡೆದ ಸ್ಥಿತಿಯಲ್ಲೇ ವಾಪಸ್ ಕೊಡಬೇಕು, ಆದರೆ ದಿನನಿತ್ಯದ ಬಳಕೆಯಿಂದ ಆಗುವ ಸಹಜ ಸವಕಳಿಗೆ ನಾವು ಹೊಣೆ ಅಲ್ಲ. ಗೋಡೆ ಬಣ್ಣ ಮಾಸುವುದು ಸವಕಳಿ. ಡ್ರಿಲ್ ಹಾಕಿ ಗೋಡೆ ಒಡೆದರೆ ಅದು ನಮ್ಮ ಲೆಕ್ಕ. ಆದರೂ ಕರಾರಿನಲ್ಲಿ ಒಪ್ಪಿ ಸಹಿ ಹಾಕಿದರೆ ಆ ಷರತ್ತಿಗೇ ಕಟ್ಟುಬೀಳುತ್ತೇವೆ. ಮೇಷ್ಟ್ರು ಒಂದು ಮಧ್ಯದ ದಾರಿ ಹೇಳಿದರು: ಎರಡು ವರ್ಷ ಮೀರಿ ಇದ್ದರೆ ಪೇಂಟಿಂಗ್ ಹಣ ಇಲ್ಲ, ಅದಕ್ಕಿಂತ ಮೊದಲು ಹೋದರೆ ಬಿಲ್ ತೋರಿಸಿ ಗರಿಷ್ಠ 8,000 ಹಿಡಿಯಬಹುದು. ಆಂಟಿ ಒಪ್ಪಿದರು. ಮನೆ ಕೀ ತೆಗೆದುಕೊಳ್ಳುವ ದಿನ ಪ್ರತಿ ಗೋಡೆ, ಪ್ರತಿ ನಲ್ಲಿ, ಮೀಟರ್ ರೀಡಿಂಗ್ ಎಲ್ಲದರ ಫೋಟೋ ತೆಗೆದು ಆಂಟಿಗೆ ವಾಟ್ಸಾಪ್ ಮಾಡಲು ಹೇಳಿದ್ದೂ ಮೇಷ್ಟ್ರೇ.

ನೋಟಿಸ್ ಅವಧಿ ಬರೆಯದೆ ಬಿಟ್ಟರೆ ಏನಾಗುತ್ತದೆ ಅಂತ ನಾನು ಕೇಳಿದೆ. ತಿಂಗಳ ಬಾಡಿಗೆಗೆ ಅದೇ ಸ್ವತ್ತು ವರ್ಗಾವಣೆ ಕಾಯ್ದೆಯ ಸೆಕ್ಷನ್ 106ರಂತೆ 15 ದಿನದ ಲಿಖಿತ ನೋಟಿಸ್ ಸಾಕು, ಎರಡೂ ಕಡೆಗೆ. ಹದಿನೈದು ದಿನದಲ್ಲಿ ಮೂರು ಹೆಣ್ಣುಮಕ್ಕಳಿಗೆ ತುಮಕೂರಿನಲ್ಲಿ ಮನೆ ಸಿಗುತ್ತದಾ? ಎಸ್‌ಐಟಿ ಬಡಾವಣೆ, ಬಟವಾಡಿ ಕಡೆ ಟು-ಲೆಟ್ ಬೋರ್ಡ್ ಕಾಣಿಸಿದರೂ 'ಫ್ಯಾಮಿಲಿಗೆ ಮಾತ್ರ' ಅನ್ನುವ ಉತ್ತರವೇ ಜಾಸ್ತಿ. ಹಾಗಾಗಿ ಎರಡೂ ಕಡೆಗೆ ಎರಡು ತಿಂಗಳು ಅಂತ ಬರೆಸಿದೆವು. 11 ತಿಂಗಳು ಮುಗಿದ ಮೇಲೆ ಹೊಸ ಕರಾರು ಮಾಡದೆ ಬಾಡಿಗೆ ಕೊಡುತ್ತಾ ಹೋದರೆ, ಓನರ್ ತೆಗೆದುಕೊಳ್ಳುತ್ತಾ ಹೋದರೆ, ಅದು ತಿಂಗಳಿಂದ ತಿಂಗಳಿಗೆ ಸಾಗುವ ಬಾಡಿಗೆ ಆಗುತ್ತದೆ ಅಂತಲೂ ಹೇಳಿದರು.

ಕರ್ನಾಟಕಕ್ಕೆ ಬಾಡಿಗೆ ಕಾಯ್ದೆ ಬೇರೆ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ, 1999ರದ್ದು. ಆದರೆ ಅದರ ರಕ್ಷಣೆಗೆ ಬಾಡಿಗೆಯ ಮಿತಿ ಇದೆ, ಜಾಗಕ್ಕೆ ತಕ್ಕ ಹಾಗೆ ತಿಂಗಳಿಗೆ 3,500 ಅಥವಾ 2,000 ರೂಪಾಯಿ. ಈಗ ಆ ಬಾಡಿಗೆಗೆ ಎಲ್ಲಿ ಮನೆ ಸಿಗುತ್ತದೆ? ನಮ್ಮಂಥವರಿಗೆ ಉಳಿಯುವುದು 1882ರ ಕಾಯ್ದೆ ಮತ್ತು ನಾವು ಬರೆದುಕೊಂಡ ಕರಾರು. ಅದಕ್ಕೇ ಕರಾರಿನ ಒಂದೊಂದು ಸಾಲಿಗೂ ಇಷ್ಟು ತೂಕ. ಕೇಂದ್ರದ್ದು 2021ರ ಮಾದರಿ ಬಾಡಿಗೆ ಕಾಯ್ದೆ ಅಂತ ಒಂದಿದೆ. ಅದರಲ್ಲಿ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು, ಓನರ್ ಮನೆಯೊಳಗೆ ಬರಬೇಕಾದರೆ 24 ಗಂಟೆ ಮೊದಲು ತಿಳಿಸಬೇಕು ಅಂತೆಲ್ಲ ಇದೆ. ಅದು ಮಾದರಿ ಮಾತ್ರ, ರಾಜ್ಯ ತನ್ನ ಕಾನೂನು ಮಾಡಿಕೊಂಡರೆ ಲಾಗು. ಆದರೆ ಒಳ್ಳೆಯ ಷರತ್ತನ್ನು ನಾವೇ ಕರಾರಿಗೆ ಹಾಕಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. 24 ಗಂಟೆಯ ಷರತ್ತು ನಮ್ಮ ಕರಾರಿಗೆ ಬಂದದ್ದು ಹಾಗೆ. ನೈಟ್ ಡ್ಯೂಟಿ ಮುಗಿಸಿ ಹಗಲು ಮಲಗುವ ನರ್ಸ್‌ಗೆ ಇದರಿಂದ ಎಷ್ಟು ನೆಮ್ಮದಿಯಾಗಿದೆ ಅಂತ ಅವಳನ್ನೇ ಕೇಳಬೇಕು.

ಈಗ ಎರಡನೆಯ ಕಾಗದ. ನಾನು ಈ ಅಂಗಡಿಗೆ ಇಷ್ಟು ಅಂಕ ಕೊಡುವುದು ಇದಕ್ಕಾಗಿ. ಇದು ನಾವು ಮೂವರು ನಮ್ಮೊಳಗೆ ಮಾಡಿಕೊಂಡ ಕರಾರು. ಓನರ್‌ಗೆ ಇದರಲ್ಲಿ ಕೆಲಸವಿಲ್ಲ. ಒಂದೂವರೆ ಪುಟ.

ಬಾಡಿಗೆ ಪಾಲು ಮೊದಲು. ಕರಾರು ಕಾಯ್ದೆಯ ಪ್ರಕಾರ, ಬೇರೆ ಏನೂ ಬರೆಯದಿದ್ದರೆ ಎಲ್ಲರ ಪಾಲೂ ಸಮ. ನಮ್ಮಲ್ಲಿ ಹಾಗಿಲ್ಲ. ನರ್ಸ್‌ಗೆ ಒಂದು ರೂಮು ಪೂರ್ತಿ ಬೇಕು, ಅವಳು 5,000 ಕೊಡುತ್ತಾಳೆ. ನಾವಿಬ್ಬರು ದೊಡ್ಡ ರೂಮಿನಲ್ಲಿ, ತಲಾ 3,500. ಇದನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದರು. ಅಡ್ವಾನ್ಸ್ ತಲಾ 20,000, ಯಾವ ದಿನ ಯಾರ ಖಾತೆಯಿಂದ ಓನರ್ ಖಾತೆಗೆ ಹೋಯಿತು ಅನ್ನುವ ಸಮೇತ. ಬಾಡಿಗೆಯನ್ನು ಪ್ರತಿಯೊಬ್ಬರೂ ನೇರವಾಗಿ ಓನರ್ ಖಾತೆಗೇ ಕಳಿಸಬೇಕು ಅಂತ ಬರೆದರು. ನನಗೆ ಅದು ಇನ್ನೊಂದು ರೀತಿಯಲ್ಲೂ ಉಪಯೋಗಕ್ಕೆ ಬಂತು. ಹಳೇ ತೆರಿಗೆ ಪದ್ಧತಿಯಲ್ಲಿ ಎಚ್‌ಆರ್‌ಎ (ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆ) ವಿನಾಯಿತಿ ಕೇಳುವವರು ತಾವು ನಿಜವಾಗಿ ಕೊಟ್ಟ ಪಾಲಿಗೆ ಮಾತ್ರ ಕೇಳಬಹುದು. ಕರಾರಿನಲ್ಲಿ ಹೆಸರು, ಬ್ಯಾಂಕಿನಲ್ಲಿ ದಾಖಲೆ ಎರಡೂ ಇದ್ದರೆ ಆಫೀಸಿನಲ್ಲಿ ಪ್ರಶ್ನೆ ಬರುವುದಿಲ್ಲ. ಹೊಸ ಪದ್ಧತಿಯಲ್ಲಿ ಈ ವಿನಾಯಿತಿ ಇಲ್ಲ.

ಬಿಟ್ಟು ಹೋಗುವ ವಿಚಾರಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಎಂ.ಕಾಂ ಮುಗಿದ ಮೇಲೆ ಪಾವಗಡದವಳು ಹೊರಡುವುದು ಖಚಿತ. ಮನೆ ಬಿಡುವವಳು ಎರಡು ತಿಂಗಳು ಮುಂಚೆ ಬರಹದಲ್ಲಿ ಹೇಳಬೇಕು, ವಾಟ್ಸಾಪ್ ಗುಂಪಿನಲ್ಲಿ ಹಾಕಿದರೂ ಸಾಕು. ಹೊಸಬಳನ್ನು ಹುಡುಕುವ ಮೊದಲ ಜವಾಬ್ದಾರಿ ಬಿಡುವವಳದ್ದು, ಒಪ್ಪುವ ಹಕ್ಕು ಉಳಿದವರದ್ದು. ಅಡ್ವಾನ್ಸ್ ಪಾಲನ್ನು ಹೊಸಬಳು ಬಿಡುವವಳ ಕೈಗೆ ಕೊಡಬೇಕು, ಓನರ್ ಹತ್ತಿರ ಇರುವ ದುಡ್ಡು ಅಲ್ಲಾಡುವುದಿಲ್ಲ. ಹೊಸಬಳು ಸಿಗದೆ ಎರಡು ತಿಂಗಳ ನೋಟಿಸ್ ಮುಗಿದರೆ? ಅಲ್ಲಿಗೆ ಬಿಡುವವಳ ಬಾಡಿಗೆ ನಿಲ್ಲುತ್ತದೆ, ಆದರೆ ಅವಳ ಅಡ್ವಾನ್ಸ್ ಪಾಲನ್ನು ಉಳಿದವರು ಮೂರು ತಿಂಗಳೊಳಗೆ ಕೊಡಬೇಕು. ಈ ಕೊನೆಯ ಸಾಲನ್ನು ಹಾಕಿಸಿದ್ದು ನಾನು. ಹೋಗುವವರ ಕಷ್ಟ ಏನು ಅಂತ ನನಗೆ ಗೊತ್ತು.

ಕರೆಂಟ್ ವಿಷಯವನ್ನು ಎಷ್ಟು ಜನ ಯೋಚಿಸುತ್ತಾರೋ ಕಾಣೆ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಆದರೆ ಮೀಟರ್‌ನ ಆರ್‌ಆರ್ ನಂಬರ್‌ಗೆ ಒಬ್ಬರ ಆಧಾರ್ ಮಾತ್ರ ಜೋಡಣೆಯಾಗುತ್ತದೆ. ನಮ್ಮ ಮೂವರಲ್ಲಿ ಅದು ನರ್ಸ್‌ದು. ಅವಳು ಮನೆ ಬಿಟ್ಟು ಬೇರೆ ಕಡೆ ಹೋದಾಗ ಸೇವಾ ಸಿಂಧುವಿನಲ್ಲಿ ಆ ಜೋಡಣೆ ತೆಗೆಸದಿದ್ದರೆ ಹೊಸ ಮನೆಯಲ್ಲಿ ಅವಳಿಗೂ ತೊಂದರೆ, ಇಲ್ಲಿ ನಮಗೂ ತೊಂದರೆ. ಹೋಗುವ ವಾರದಲ್ಲೇ ತೆಗೆಸಬೇಕು ಅನ್ನುವ ಸಾಲು ನಮ್ಮ ಕರಾರಿನಲ್ಲಿದೆ. ಉಚಿತದ ಮಿತಿ ತಿಂಗಳಿಗೆ 200 ಯೂನಿಟ್ ಅಂತ ಎಲ್ಲರಿಗೂ ಗೊತ್ತು. ಆದರೆ ಪ್ರತಿ ಮನೆಗೂ ಅದರ ಹಿಂದಿನ ಬಳಕೆಯ ಸರಾಸರಿ ನೋಡಿ ಮಿತಿ ಗೊತ್ತು ಮಾಡಿರುತ್ತಾರೆ. ಅದನ್ನು ಮೀರಿದರೆ ಬಿಲ್ ಬರುತ್ತದೆ. ಆ ಬಿಲ್ ಮೂವರಿಗೆ ಸಮ ಅಂತ ಬರೆದೆವು. ಗೀಸರ್ ಹೆಚ್ಚು ಯಾರು ಹಾಕುತ್ತಾರೆ ಅನ್ನುವ ಲೆಕ್ಕಕ್ಕೆ ಇಳಿಯಲಿಲ್ಲ.

ನೀರು ಇನ್ನೊಂದು. ಬುಗುಡನಹಳ್ಳಿ ಕಡೆಯಿಂದ ಬರುವ ಹೇಮಾವತಿ ನೀರು ಬೇಸಿಗೆಯಲ್ಲಿ ಕೈಕೊಟ್ಟರೆ ಟ್ಯಾಂಕರ್ ಹಾಕಿಸಲೇಬೇಕು. ಟ್ಯಾಂಕರ್ ದುಡ್ಡು ಯಾರದ್ದು? ಸಂಪ್ ಕೆಳಗಿನ ಓನರ್ ಮನೆಗೂ ನಮಗೂ ಒಂದೇ. ಅರ್ಧ ಅವರು, ಅರ್ಧ ನಾವು ಅಂತ ಮೊದಲ ಕರಾರಿನಲ್ಲಿ, ಆ ಅರ್ಧದಲ್ಲಿ ತಲಾ ಒಂದು ಪಾಲು ಅಂತ ಎರಡನೆಯದರಲ್ಲಿ ಬಂತು. ಈ ಊರಿನಲ್ಲಿ ಕರಾರು ಬರೆಸುವವರು ನೀರಿನ ಸಾಲು ಬಿಡಲೇಬಾರದು.

ನೆಂಟರು ಬಂದರೆ ಎಷ್ಟು ದಿನ ಇರಬಹುದು, ಅಡುಗೆ ಸಾಮಾನು ಹಂಚಿಕೆ, ಕಸ ಹಾಕುವ ಸರದಿ, ಇವನ್ನೆಲ್ಲ ಮೇಷ್ಟ್ರು ಬರೆಯಲು ಒಪ್ಪಲಿಲ್ಲ. "ಇದು ಕಾನೂನಿನ ಕಾಗದ ಅಮ್ಮ, ಕಸದ್ದೆಲ್ಲ ಗೋಡೆ ಮೇಲೆ ಬರ್ಕೊಳ್ಳಿ" ಅಂದರು. ನೆಂಟರ ಬಗ್ಗೆ ಮಾತ್ರ ನಾವು ಹಟ ಹಿಡಿದು ಒಂದು ಸಾಲು ಹಾಕಿಸಿದೆವು. ಫ್ರಿಜ್ ನನ್ನದು, ಗ್ಯಾಸ್ ಕನೆಕ್ಷನ್ ನರ್ಸ್ ಹೆಸರಿನದು, ವಾಷಿಂಗ್ ಮಷಿನ್ ನಾವಿಬ್ಬರು ಸೇರಿ ಕೊಂಡಿದ್ದು. ಇಷ್ಟು ಪಟ್ಟಿ ಕೊನೆಯಲ್ಲಿದೆ.

ಪ್ರಿಂಟ್ ತೆಗೆಯುವ ಮುಂಚೆ ಸ್ಕೇಲ್ ಇಟ್ಟು ಒಂದೊಂದೇ ಸಾಲು ಜೋರಾಗಿ ಓದಿದರು. ನಾವು ಹೂಂ ಅಂದ ಮೇಲೆ ಪಕ್ಕದಲ್ಲಿ ಪೆನ್ಸಿಲ್ ಗುರುತು. ಕನ್ನಡದಲ್ಲೇ ಬರೆದುಕೊಟ್ಟರು. ಸಹಿ ಹಾಕಿದ್ದು ಏನಕ್ಕೆ ಅಂತ ಮೂವರಿಗೂ ಓನರ್ ಆಂಟಿಗೂ ಅರ್ಥವಾಗಿತ್ತು. ಮೂಲ ಓನರ್‌ಗೆ, ಜೆರಾಕ್ಸ್ ಬಾಡಿಗೆದಾರರಿಗೆ ಅನ್ನುವ ರೂಢಿಯನ್ನೂ ಅವರು ಒಪ್ಪಲಿಲ್ಲ. ಎರಡು ಮೂಲ ಪ್ರತಿ ಮಾಡಿಸಿದರು.

ನಾವಿದ್ದಾಗಲೇ ಪಿಯುಸಿ ಹುಡುಗರಿಬ್ಬರು ರೂಮ್ ಕರಾರಿಗೆ ಬಂದರು. ಆಧಾರ್ ನೋಡಿದರು ಮೇಷ್ಟ್ರು. ಇಬ್ಬರಿಗೂ 18 ತುಂಬಿರಲಿಲ್ಲ. "ನಿಮ್ಮ ಸಹಿಗೆ ಬೆಲೆ ಇಲ್ಲಪ್ಪ, ಅಪ್ಪಾಜಿನ ಕರ್ಕೊಂಡು ಬನ್ನಿ" ಅಂತ ಕಳಿಸಿದರು. ಕರಾರು ಮಾಡಲು 18 ತುಂಬಿರಬೇಕು ಅನ್ನುವುದು ಕಾನೂನಿನಲ್ಲೇ ಇದೆ. ಬಂದ ಗಿರಾಕಿಯನ್ನು ಹಾಗೆ ವಾಪಸ್ ಕಳಿಸುವುದಕ್ಕೆ ನಿಯತ್ತು ಬೇಕು. ನನಗೆ ಅವರ ಮೇಲೆ ಪೂರ್ತಿ ನಂಬಿಕೆ ಬಂದದ್ದು ಆಗ.

ಇನ್ನು ಕೊರತೆ. ಅವರು ವಕೀಲರಲ್ಲ, ಅದನ್ನು ಅವರೇ ಹೇಳುತ್ತಾರೆ. ಜಗಳ ಆಗಲೇ ಶುರುವಾಗಿದ್ದರೆ ಇಲ್ಲಿ ಪರಿಹಾರ ಸಿಗುವುದಿಲ್ಲ. ಓನರ್ ಬೀಗ ಹಾಕಿ ಹೊರಗೆ ನಿಲ್ಲಿಸಿದರೆ ಏನು ಮಾಡುವುದು ಅಂತ ಕೇಳಿದ್ದಕ್ಕೆ, ಕಾನೂನಿನ ದಾರಿ ಬಿಟ್ಟು ಹೊರಹಾಕಿದವರ ಮೇಲೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಸೆಕ್ಷನ್ 6ರಡಿ ಆರು ತಿಂಗಳೊಳಗೆ ದಾವೆ ಹಾಕಬಹುದು ಅಂತ ಹೇಳಿ, ಮುಂದಿನದಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಂದರು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ರೂಮಿನವರ ನಡುವಿನ ದುಡ್ಡಿನ ತಕರಾರಿಗೆ ಕೇಸ್ ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ಕೂತು ಮುಗಿಸಿಕೊಳ್ಳುವ ದಾರಿಯೂ ಇದೆ. ಇದು ಅಂಗಡಿಯ ಕೊರತೆ ಅನ್ನಲಾಗದು. ಆದರೆ ಕೆಲವರು ಅದನ್ನೇ ನಿರೀಕ್ಷಿಸಿ ಹೋಗುತ್ತಾರೆ, ಅದಕ್ಕೆ ಹೇಳಿದೆ.

ನಾನು ಅರ್ಧ ಅಂಕ ಹಿಡಿದದ್ದು ಬೇರೆ ಎರಡು ಕಾರಣಕ್ಕೆ. ಎಲ್ಲವೂ ಮೇಷ್ಟ್ರೊಬ್ಬರ ಕೈಯಲ್ಲೇ ನಡೆಯುತ್ತದೆ. ಅವರಿಲ್ಲದಾಗ ಅಂಗಡಿಯ ಹುಡುಗ ಉಳಿದ ಕಡೆಯ ಹಾಗೇ ರೆಡಿ ಕರಾರು ತೆಗೆದು ಪ್ರಿಂಟ್ ಕೊಡುತ್ತಾನೆ. ಅವನಿಗೂ ಆ ಪ್ರಶ್ನೆಗಳನ್ನು ಕಲಿಸಬೇಕು, ಇಲ್ಲದಿದ್ದರೆ ಈ ಒಳ್ಳೆಯ ಕೆಲಸ ಅವರ ಜೊತೆಗೇ ನಿಂತುಹೋಗುತ್ತದೆ. ಎರಡನೆಯದು, ಅಷ್ಟು ಖಾಸಗಿ ವಿಷಯವನ್ನು ಬೆಂಚಿನ ಮೇಲೆ ಕೂತವರೆಲ್ಲ ಕೇಳುವ ಹಾಗೆ ಮಾತಾಡಬೇಕು. ಯಾರಿಗೆ ಮದುವೆ ಗೊತ್ತಾಗಿದೆ, ಯಾರ ಸಂಬಳ ಎಷ್ಟು ಅನ್ನುವುದನ್ನು ಅಪರಿಚಿತರ ಮುಂದೆ ಹೇಳಲು ಹೆಣ್ಣುಮಕ್ಕಳಿಗೆ ಮುಜುಗರವಾಗುತ್ತದೆ. ಒಂದು ಪರದೆಯಾದರೂ ಹಾಕಲಿ.

ದುಡ್ಡು: ಎರಡೂ ಕರಾರಿನ ಟೈಪಿಂಗ್‌ಗೆ ಸೇರಿ 450 ತೆಗೆದುಕೊಂಡರು. ಸ್ಟ್ಯಾಂಪ್ ಮತ್ತು ನೋಟರಿ ಖರ್ಚು ಬೇರೆ, ಅದರ ಮೇಲೆ ಏನೂ ಇಟ್ಟುಕೊಳ್ಳಲಿಲ್ಲ, ರಸೀದಿ ತೋರಿಸಿದರು. ಬರೀ ಬಾಡಿಗೆ ಕರಾರಿಗೆ ಸುತ್ತಮುತ್ತ ಕೇಳುವುದಕ್ಕಿಂತ ಸ್ವಲ್ಪ ಜಾಸ್ತಿ ಇರಬಹುದು. ತಲಾ 150 ಬಿತ್ತು. ಅಡ್ವಾನ್ಸ್ ತಲಾ 20,000 ಇರುವಾಗ ಅದು ಲೆಕ್ಕಕ್ಕೆ ಬರುವ ಮೊತ್ತವಲ್ಲ.

ಹೋಗುವಾಗ ಎಲ್ಲರ ಆಧಾರ್, ಓನರ್‌ದೂ ಸೇರಿ, ಜೆರಾಕ್ಸ್ ಒಯ್ಯಿರಿ. ಕರೆಂಟ್ ಬಿಲ್ ಒಂದು ಇರಲಿ, ಆರ್‌ಆರ್ ನಂಬರ್ ಅದರಿಂದಲೇ ಬರೆಯುತ್ತಾರೆ. ವರ್ಷಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಬಾಡಿಗೆಗೆ ಎಚ್‌ಆರ್‌ಎ ಕೇಳುವವರಿದ್ದರೆ ಓನರ್‌ ಪ್ಯಾನ್ ನಂಬರ್ ಈಗಲೇ ಕೇಳಿ ಬರೆಸಿಕೊಳ್ಳಿ, ಆಮೇಲೆ ಕೇಳಿದರೆ ಕೊಡಲು ಹಿಂದೇಟು ಹಾಕುತ್ತಾರೆ. ಸಾಕ್ಷಿಗೆ ಇಬ್ಬರು ಬೇಕು, ಅಂಗಡಿಯಲ್ಲಿ ಕೂತವರನ್ನು ಹಿಡಿಯುವ ಬದಲು ನಿಮ್ಮ ಕಡೆಯವರನ್ನೇ ಕರೆದುಕೊಂಡು ಹೋಗಿ. ಸೋಮವಾರ ಬೆಳಗ್ಗೆ ಬಹಳ ಜನ. ಸಂಜೆ ನಾಲ್ಕರ ಮೇಲೆ ಹೋದರೆ ಮೇಷ್ಟ್ರು ಬಿಡುವಾಗಿ ಸಿಗುತ್ತಾರೆ.